ಹೆಗಲ ಮೇಲಿನ ಟೈರು

ಭಾನುವಾರದ ಮುಂಜಾನೆ ಹೊಸಕೋಟೆಯ ದೊಡ್ಡ ಕೆರೆಯ ಕಡೆಗೆ ತಿರುಗಾಡಲು ಹೋಗುವುದು ನಾನು ನಿವೃತ್ತನಾದಂದಿನಿಂದ ಬೆಳೆಸಿಕೊಂಡಿರುವ ಅಭ್ಯಾಸ. ಆ ಹೊತ್ತಿಗೆ ಬೆಂಗಳೂರಿನ ಕಡೆಯಿಂದ ಕೋಲಾರದ ಹೆದ್ದಾರಿ ಹಿಡಿದು ಸೈಕಲ್ ಸವಾರರ ಸಣ್ಣ ಸಣ್ಣ ಗುಂಪುಗಳು ಬರುತ್ತವೆ. ತಲೆಗೆ ಶಿರಸ್ತ್ರಾಣ, ಮೈಗಂಟಿದ ಬಣ್ಣದ ಅಂಗಿ, ನೆಲಕ್ಕೆ ಬಾಗಿದ ಬೆನ್ನು. ಲಾರಿಗಳ ಸದ್ದು ಏಳುವ ಮೊದಲೇ ದೂರವನ್ನು ಮುಗಿಸಿಬಿಡಬೇಕೆಂಬ ಆತುರ. ನಮ್ಮ ಕಾಲದಲ್ಲಿ ಸೈಕಲ್ಲೆಂದರೆ ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಿಂದೆ ಕುಳಿತ ತಮ್ಮ. ಅದೇ ವಾಹನವನ್ನು ಬರಿದೇ ವೇಗಕ್ಕಾಗಿ ತುಳಿಯುವವರನ್ನು ಕಂಡಾಗ ಮೊದಮೊದಲು ನನಗೆ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಹೋದ ಮಳೆಗಾಲದ ಒಂದು ಭಾನುವಾರ ಅಂಥ ಸವಾರನೊಬ್ಬ ಹುಣಸೆಯ ಮರದ ಬುಡದಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕುಳಿತಿದ್ದ. ಹಿಂದಿನ ಚಕ್ರದಲ್ಲಿ ಗಾಳಿಯಿರಲಿಲ್ಲ. ಪಕ್ಕದಲ್ಲಿ ಅವನ ಗೆಳೆಯ ನಿಂತಿದ್ದ. "ಏನಪ್ಪಾ, ಪಂಕ್ಚರಾಯಿತೇ? ಅಲ್ಲಿ ತಿರುವಿನಲ್ಲಿ ಅಂಗಡಿಯಿದೆ, ಈಗ ತೆರೆಯುವ ಹೊತ್ತು, ಬಾ, ತೋರಿಸುತ್ತೇನೆ" ಎಂದೆ. ಅವನು ತಲೆಯೆತ್ತಿ ನಕ್ಕು, "ಬೇಡಿ ಸರ್, ನಾನೇ ಹಾಕಿಕೊಳ್ಳಬೇಕು. ಸ್ಪರ್ಧೆಯಲ್ಲಿ ಅಂಗಡಿ ಇರುವುದಿಲ್ಲ" ಎಂದ. ಗೆಳೆಯ ಮಾತ್ರ ಒಪ್ಪಲಿಲ್ಲ. "ವೃತ್ತಿಪರರು ಇದನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ ಸರ್. ಪಂಕ್ಚರಾದರೆ ಅಂದಿನ ಸ್ಪರ್ಧೆ ಮುಗಿದಂತೆ. ಭಾರ ಏಕೆ ಹೊರಬೇಕು?" ಎಂದು ವಾದಿಸಿದ. ನಾನು ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಆ ಕುರಿತು ಓದಿದೆ, ತಿಳಿದವರನ್ನು ಕೇಳಿದೆ. ಈ ಬರಹ ಅದರ ಫಲ.

ಆ ಹುಡುಗರು ಸಿದ್ಧರಾಗುತ್ತಿದ್ದುದು ಟ್ರಯಥ್ಲಾನ್ ಎಂಬ ಸ್ಪರ್ಧೆಗೆ. ಮೊದಲು ಈಜು, ಅನಂತರ ಸೈಕಲ್ ಸವಾರಿ, ಕೊನೆಗೆ ಓಟ; ಮೂರನ್ನೂ ನಡುವೆ ಬಿಡುವಿಲ್ಲದೆ ಮುಗಿಸಬೇಕು. ಇದರ ಅತಿ ದೀರ್ಘವಾದ ಪ್ರಸಿದ್ಧ ರೂಪ ಐರನ್‌ಮ್ಯಾನ್. 1978ರಲ್ಲಿ ಹವಾಯಿ ದ್ವೀಪಸಮೂಹದ ಒವಾಹು ಎಂಬಲ್ಲಿ ಅದು ಮೊದಲ ಬಾರಿಗೆ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12 ಮಂದಿ. ಸಮುದ್ರದಲ್ಲಿ 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದರ ಮೇಲೆ 42.2 ಕಿಲೋಮೀಟರ್ ಓಟ. ಸೈಕಲ್ಲಿನ ಪಾಲನ್ನಷ್ಟೇ ತೆಗೆದುಕೊಂಡರೂ ಅದು ಹೆಚ್ಚುಕಡಿಮೆ ಹೊಸಕೋಟೆಯಿಂದ ಮೈಸೂರು ಮುಟ್ಟುವಷ್ಟು ದೂರ. ಇದರ ಅರ್ಧದಷ್ಟು ದೂರದ ಸ್ಪರ್ಧೆ 2019ರಲ್ಲಿ ನಮ್ಮ ನೆರೆಯ ಗೋವೆಗೂ ಬಂದಿತು. ಒಲಿಂಪಿಕ್ಸ್‌ನಲ್ಲಿ 2000ದ ಸಿಡ್ನಿ ಕೂಟದಿಂದ ಇನ್ನೂ ಚಿಕ್ಕದಾದ ರೂಪವೊಂದು ಸೇರಿದೆ. ಅದರಲ್ಲಿ ಸೈಕಲ್ ಸವಾರಿ 40 ಕಿಲೋಮೀಟರ್ ಮಾತ್ರ.

ಗಾಳಿ ತುಂಬಿದ ಟೈರು ಹುಟ್ಟಿದ ದಿನವೇ ಪಂಕ್ಚರು ಎಂಬ ತೊಡಕೂ ಹುಟ್ಟಿತು. ಬೆಲ್‌ಫಾಸ್ಟ್ ನಗರದ ಪಶುವೈದ್ಯನಾದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರುಗಾಲಿಯ ಸೈಕಲ್ಲಿಗೆ ರಬ್ಬರಿನ ಕೊಳವೆ ಸುತ್ತಿ ಗಾಳಿ ತುಂಬಿದ. 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಸವಾರಿ ಹಿತವಾಯಿತು, ವೇಗ ಹೆಚ್ಚಿತು. ಆದರೆ ಆ ಟೈರನ್ನು ಚಕ್ರಕ್ಕೆ ಭದ್ರವಾಗಿ ಬಿಗಿದು ಅಂಟಿಸಿರುತ್ತಿದ್ದರು. ಮುಳ್ಳು ಚುಚ್ಚಿದರೆ ಬಿಡಿಸಿ ತೇಪೆ ಹಾಕಿ ಮತ್ತೆ ಅಂಟಿಸುವುದಕ್ಕೆ ಗಂಟೆಗಳೇ ಹಿಡಿಯುತ್ತಿದ್ದವು. ಫ್ರಾನ್ಸಿನ ಮಿಷೆಲಿನ್ ಸಹೋದರರು ಕಳಚಿ ಜೋಡಿಸಬಹುದಾದ ಟೈರನ್ನು ಮಾಡಿದರು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ ಸುಮಾರು 1200 ಕಿಲೋಮೀಟರಿನ ಪಂದ್ಯವನ್ನು ಶಾರ್ಲ್ ತೆರೋಂ ಎಂಬವನು ಆ ಟೈರಿನ ಮೇಲೆಯೇ ಮೂರು ದಿನಗಳೊಳಗೆ ಗೆದ್ದ. ದಾರಿಯಲ್ಲಿ ಅವನಿಗೂ ಪಂಕ್ಚರುಗಳಾದುವು; ದುರಸ್ತಿ ಮಾಡಿಕೊಂಡು ಮತ್ತೆ ಹೊರಟ. ಬೇಗ ದುರಸ್ತಿಯಾಗುವ ಗುಣವೂ ಟೈರಿನ ಯೋಗ್ಯತೆಯೇ ಎಂಬುದನ್ನು ಲೋಕ ಅಂದು ಕಂಡಿತು.

ಮುಂದೆ ಫ್ರಾನ್ಸ್ ದೇಶವನ್ನು ಸುತ್ತಿಬರುವ ದೊಡ್ಡ ಪಂದ್ಯ ಟೂರ್ ದ ಫ್ರಾನ್ಸ್ 1903ರಲ್ಲಿ ಆರಂಭವಾಯಿತು. ಆ ಕಾಲದ ಚಿತ್ರಗಳನ್ನು ನೋಡಿದರೆ ಸವಾರರ ಹೆಗಲಿನಿಂದ ಎದೆಯ ಮೇಲೆ ಅಡ್ಡಲಾಗಿ ಒಂದೋ ಎರಡೋ ಟೈರುಗಳು ಜನಿವಾರದಂತೆ ಇಳಿಬಿದ್ದಿರುತ್ತವೆ. ಸವಾರ ತನ್ನ ದುರಸ್ತಿಯನ್ನು ತಾನೇ ಮಾಡಿಕೊಳ್ಳಬೇಕೆಂಬುದು ಅಂದಿನ ಕಟ್ಟುನಿಟ್ಟಾದ ನಿಯಮ. 1913ರಲ್ಲಿ ಯೂಜೀನ್ ಕ್ರಿಸ್ತೋಫ್ ಎಂಬವನ ಸೈಕಲ್ಲಿನ ಮುಂದಿನ ಕವಲು ಬೆಟ್ಟದ ದಾರಿಯಲ್ಲಿ ಮುರಿಯಿತು. ಅವನು ಸೈಕಲ್ಲನ್ನು ಹೊತ್ತುಕೊಂಡು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು, ಕೆಳಗಿನ ಹಳ್ಳಿಯ ಕಮ್ಮಾರಸಾಲೆಯಲ್ಲಿ ತನ್ನ ಕೈಯಿಂದಲೇ ಕಬ್ಬಿಣ ಕಾಸಿ ಬಡಿದು ಕವಲನ್ನು ಕೂಡಿಸಿದ. ತೀರ್ಪುಗಾರರು ಎದುರಿಗೇ ನಿಂತು ನೋಡುತ್ತಿದ್ದರು. ತಿದಿಯೊತ್ತಲು ಮಾತ್ರ ಅಲ್ಲಿದ್ದ ಹುಡುಗನೊಬ್ಬ ಕೈಹಾಕಿದ. ಅಷ್ಟಕ್ಕೇ ಕ್ರಿಸ್ತೋಫನಿಗೆ ದಂಡ ಬಿತ್ತು! ಇಂಥ ನಿಯಮವನ್ನು ನಾನು ಸಮರ್ಥಿಸಲಾರೆ. ಅದು ಶಿಸ್ತಲ್ಲ, ಶಿಸ್ತಿನ ಅಣಕ. ಆದರೂ ಗಂಟೆಗಳನ್ನು ಕಳೆದುಕೊಂಡ ಆ ಮನುಷ್ಯ ಪಂದ್ಯವನ್ನು ಬಿಡದೆ ಏಳನೆಯವನಾಗಿ ಮುಗಿಸಿದನೆಂಬುದನ್ನು ನೆನೆದಾಗ ಮನಸ್ಸು ತಲೆಬಾಗುತ್ತದೆ.

ನಮ್ಮೂರಿನ ಲಾರಿ ಚಾಲಕರಿಗೆ ಈ ವಿಚಾರದಲ್ಲಿ ಯಾವ ಸಂದೇಹವೂ ಇಲ್ಲ. ಹೆಚ್ಚುವರಿ ಚಕ್ರಕ್ಕೆ ಅವರು 'ಸ್ಟೆಪ್ನಿ' ಎನ್ನುತ್ತಾರೆ. ಇಂಗ್ಲೆಂಡಿನವರಿಗೇ ಇಂದು ಮರೆತುಹೋಗಿರುವ ಈ ಮಾತು ವೇಲ್ಸ್ ಪ್ರಾಂತದ ಲಾನೆಥ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಿಂದ ಬಂದದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿ ಮೋಟಾರುಗಳಿಗೆ ಹೆಚ್ಚುವರಿ ಚಕ್ರ ತಯಾರಾಗುತ್ತಿತ್ತು. ಸಾವಿರಾರು ಮೈಲಿ ದಾಟಿ ಬಂದ ಆ ಬೀದಿಯ ಹೆಸರು ಹೊಸಕೋಟೆಯ ಪಂಕ್ಚರ್ ಅಂಗಡಿಯ ಫಲಕದಲ್ಲಿ ಉಳಿದುಕೊಂಡಿದೆ. 2020ರಲ್ಲಿ ಭಾರತ ಸರ್ಕಾರ ಕಾರುಗಳಂಥ ಹಗುರ ವಾಹನಗಳಿಗೆ ಸ್ಟೆಪ್ನಿಯ ಕಡ್ಡಾಯವನ್ನು ಸಡಿಲಿಸಿತು. ಆದರೆ ಬರಿದೇ ಸಡಿಲಿಸಲಿಲ್ಲ: ಟೈರಿನೊಳಗಿನ ಒತ್ತಡ ಇಳಿದರೆ ತಿಳಿಸುವ ಸಾಧನವೂ ತೂತು ಮುಚ್ಚುವ ಸಾಮಗ್ರಿಯೂ ವಾಹನದಲ್ಲಿ ಇರಬೇಕೆಂದು ವಿಧಿಸಿತು. ಚಕ್ರವನ್ನು ಬಿಡಬಹುದು, ಉಪಾಯವನ್ನು ಬಿಡುವಂತಿಲ್ಲ ಎಂದು ಇದರ ತಾತ್ಪರ್ಯ.

ಇನ್ನು ಆ ಗೆಳೆಯನ ವಾದವನ್ನು ಅದರ ಪೂರ್ಣ ಬಲದೊಡನೆ ಕೇಳೋಣ. ವೃತ್ತಿಪರ ಸ್ಪರ್ಧಿಗೆ ಕ್ರೀಡೆಯೇ ಜೀವನೋಪಾಯ. ಅವನು 180 ಕಿಲೋಮೀಟರನ್ನು ನಾಲ್ಕು–ನಾಲ್ಕೂವರೆ ಗಂಟೆಗಳಲ್ಲಿ ತುಳಿಯುತ್ತಾನೆ. ಗಾಳಿಯನ್ನು ಸೀಳುವುದಕ್ಕಾಗಿ ಸೈಕಲ್ಲಿನ ಪ್ರತಿಯೊಂದು ಕಡ್ಡಿಯ ಆಕಾರವನ್ನೂ ಲೆಕ್ಕಹಾಕಿ ಮಾಡಿಸಿರುತ್ತಾನೆ. ಅದಕ್ಕೆ ಅರ್ಧ ಕಿಲೋದಷ್ಟು ಟೈರು, ಟ್ಯೂಬು, ಸನ್ನೆಕಡ್ಡಿ, ಗಾಳಿಯ ಸಿಲಿಂಡರುಗಳನ್ನು ಕಟ್ಟಿದರೆ ಭಾರಕ್ಕಿಂತ ಮಿಗಿಲಾಗಿ ಗಾಳಿಯ ತಡೆ ಹೆಚ್ಚುತ್ತದೆ. ಮುಂಚೂಣಿಯಲ್ಲಿ ಸ್ಥಾನಗಳ ನಡುವಣ ಅಂತರ ಸೆಕೆಂಡುಗಳದ್ದು. ಟೈರು ಬದಲಾಯಿಸಲು ಐದೋ ಹತ್ತೋ ನಿಮಿಷ ನಿಂತವನಿಗೆ ಬಹುಮಾನದ ಆಸೆ ಅಲ್ಲಿಗೇ ಮುಗಿಯಿತು. ಬಳಲಿದ ಮೈಯಿಂದ ಕೊನೆಯವರೆಗೂ ಓಡಿ ಇಪ್ಪತ್ತನೆಯವನಾಗುವುದಕ್ಕಿಂತ, ನಿಲ್ಲಿಸಿ ಮುಂದಿನ ಸ್ಪರ್ಧೆಗೆ ದೇಹವನ್ನು ಕಾಯ್ದುಕೊಳ್ಳುವುದು ವಿವೇಕವಲ್ಲವೇ? ಸಾಲದ್ದಕ್ಕೆ ಈಗ ಟ್ಯೂಬಿಲ್ಲದ ಟೈರುಗಳು ಬಂದಿವೆ. ಅವುಗಳೊಳಗೆ ಹಾಕಿದ ದ್ರವ ಸಣ್ಣಪುಟ್ಟ ತೂತುಗಳನ್ನು ಚಕ್ರ ತಿರುಗುತ್ತಿರುವಾಗಲೇ ಮುಚ್ಚಿಬಿಡುತ್ತದೆ. ಹಾಗಿರುವಾಗ ಹಳೆಯ ಕಾಲದ ಹೊರೆ ಏಕೆ?

ವಾದ ಚೆನ್ನಾಗಿದೆ. ಚಿಕ್ಕ ಸ್ಪರ್ಧೆಗಳ ಮಟ್ಟಿಗೆ ನಾನು ಅದನ್ನು ಒಪ್ಪಿಯೂ ಬಿಡುತ್ತೇನೆ. ಒಲಿಂಪಿಕ್ಸ್ ಬಗೆಯ ಸ್ಪರ್ಧೆಯಲ್ಲಿ ಸವಾರರು ಒಂದೇ ಸುತ್ತುದಾರಿಯನ್ನು ಮತ್ತೆ ಮತ್ತೆ ಸುತ್ತುತ್ತಾರೆ. ಚಕ್ರ ಬದಲಾಯಿಸಿಕೊಳ್ಳಲು ಅಲ್ಲಿ ಗೊತ್ತುಪಡಿಸಿದ ಠಾಣೆಗಳಿರುತ್ತವೆ. ಮುಂದಾಳುಗಳಿಂದ ಒಂದು ಇಡೀ ಸುತ್ತು ಹಿಂದೆ ಬಿದ್ದವನನ್ನು ಕಣದಿಂದಲೇ ಹೊರಗೆ ಕಳುಹಿಸುತ್ತಾರೆ. ಅಂಥಲ್ಲಿ ಹೆಗಲಿಗೆ ಟೈರು ಹಾಕಿಕೊಂಡು ಬಾ ಎನ್ನುವುದು ಹುಚ್ಚುತನವಾದೀತು.

ಆದರೆ ದೀರ್ಘ ಸ್ಪರ್ಧೆಯ ಸಂಗತಿ ಬೇರೆ. ಅಲ್ಲಿ ಬೆನ್ನ ಹಿಂದೆ ತಂಡದ ವಾಹನವಿಲ್ಲ. ಹೊರಗಿನವರಿಂದ ನೆರವು ಪಡೆಯುವುದಕ್ಕೆ ನಿಷೇಧವಿದೆ. ಸಂಘಟಕರ ದುರಸ್ತಿಯ ವಾಹನ ಓಡಾಡುತ್ತಿರುತ್ತದೆಯಾದರೂ ಅದು ಯಾವಾಗ ಎಲ್ಲಿರುವುದೋ ಯಾರೂ ಭರವಸೆ ಕೊಡಲಾರರು. ಅಲ್ಲದೆ, ಹತ್ತು ನಿಮಿಷ ಹೋದರೆ ಎಲ್ಲವೂ ಹೋಯಿತೆಂಬ ಲೆಕ್ಕವೇ ತಪ್ಪು. 2008ರ ಹವಾಯಿಯ ಸ್ಪರ್ಧೆಯಲ್ಲಿ ಹಿಂದಿನ ವರ್ಷದ ವಿಜೇತೆ, ಬ್ರಿಟನ್ನಿನ ಕ್ರಿಸ್ಸೀ ವೆಲಿಂಗ್ಟನ್ ಮುಂದೆ ಹೋಗುತ್ತಿದ್ದಾಗ ಅವಳ ಸೈಕಲ್ಲು ಪಂಕ್ಚರಾಯಿತು. ಬದಲಿ ಟ್ಯೂಬು ಅವಳಲ್ಲಿತ್ತು, ಹಾಕಿದಳು. ಗಾಳಿ ತುಂಬುವ ಪುಟ್ಟ ಸಿಲಿಂಡರು ಮಾತ್ರ ಕೈತಪ್ಪಿ ವ್ಯರ್ಥವಾಯಿತು. ಒಬ್ಬೊಬ್ಬರೇ ಅವಳನ್ನು ದಾಟಿ ಹೋದರು. ಆಗ ಆಸ್ಟ್ರೇಲಿಯದ ರೆಬೆಕಾ ಕೀಟ್ ಎಂಬ ಸ್ಪರ್ಧಿ ತನ್ನಲ್ಲಿದ್ದ ಸಿಲಿಂಡರನ್ನು ಅವಳತ್ತ ಎಸೆದು ಮುಂದೆ ಸಾಗಿದಳು. ಸುಮಾರು ಹತ್ತು ನಿಮಿಷ ಕಳೆದುಕೊಂಡ ವೆಲಿಂಗ್ಟನ್ ಎಲ್ಲರನ್ನೂ ಹಿಂದೆ ಹಾಕಿ, ಎರಡನೆಯವಳಿಗಿಂತ ಹದಿನಾಲ್ಕು ನಿಮಿಷಕ್ಕೂ ಹೆಚ್ಚು ಮುಂದಾಗಿ ಗೆದ್ದಳು. ಇದಕ್ಕೆ ಪ್ರತಿಯಾಗಿ ಜರ್ಮನಿಯ ನಾರ್ಮನ್ ಸ್ಟಾಡ್ಲರನ ಕಥೆಯುಂಟು. 2004ರಲ್ಲಿ ಗೆದ್ದವನು 2005ರಲ್ಲಿ ಪಂಕ್ಚರಿನ ಕಾಟದಿಂದ ಸ್ಪರ್ಧೆಯನ್ನೇ ಬಿಡಬೇಕಾಯಿತು. 2006ರಲ್ಲಿ ಮತ್ತೆ ಗೆದ್ದ. ಎರಡು ಗೆಲವುಗಳ ನಡುವೆ ಒಂದು ತೂತು!

ಇಲ್ಲಿ ಕೀಟ್ ಮಾಡಿದ ಕೆಲಸವನ್ನು ಕುರಿತು ಎರಡು ಮಾತು ಹೇಳಬೇಕು. ಅದಕ್ಕೆ ನನ್ನದೇ ಒಂದು ಹಳೆಯ ನೆನಪು ಅಡ್ಡ ಬರುತ್ತದೆ. 1976ರಲ್ಲಿ ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತಾಗ ನಮ್ಮ ಹಳ್ಳಿಯಿಂದ ಐದು ಮೈಲಿ ಸೈಕಲ್ ತುಳಿದು ಹೊಸಕೋಟೆಗೆ ಬರಬೇಕಾಗಿತ್ತು. ಗಣಿತದ ಪರೀಕ್ಷೆಯ ದಿನ ಅರ್ಧದಾರಿಯಲ್ಲಿ ಜಾಲಿಯ ಮುಳ್ಳು ಚುಚ್ಚಿ ಚಕ್ರ ಕುಸಿಯಿತು. ನನ್ನ ಬಳಿ ಪಂಪಿರಲಿಲ್ಲ, ಸಲ್ಯೂಷನ್ ಇರಲಿಲ್ಲ, ಒಂದು ಚೂರು ರಬ್ಬರೂ ಇರಲಿಲ್ಲ. "ಪಂಪು ತೆಗೆದುಕೊಂಡು ಹೋಗೋ" ಎಂದು ಅಪ್ಪ ಹೇಳಿದ್ದರು. ಕಟ್ಟುವುದಕ್ಕೆ ಬೇಸರಪಟ್ಟು ಬಿಟ್ಟು ಬಂದಿದ್ದೆ. ಹಿಂದಿನಿಂದ ಬಂದ ಬೇರೆ ಊರಿನ ಹುಡುಗನೊಬ್ಬ ನಿಂತ. ನನ್ನ ಸೈಕಲ್ಲನ್ನು ರಸ್ತೆಬದಿಯ ಮನೆಯೊಂದರಲ್ಲಿ ಬಿಡಿಸಿ, ತನ್ನ ಹಿಂದೆ ಕೂರಿಸಿಕೊಂಡು ಎದುರುಗಾಳಿಯಲ್ಲಿ ತುಳಿದ. ನಾವು ಪರೀಕ್ಷೆಯ ಕೊಠಡಿಗೆ ಸೇರಿದಾಗ ಹತ್ತು ನಿಮಿಷ ತಡವಾಗಿತ್ತು. ನನಗೆ ಹತ್ತು ನಿಮಿಷ ತಡ. ಏನೂ ತಪ್ಪು ಮಾಡದ ಅವನಿಗೂ ಹತ್ತು ನಿಮಿಷ ತಡ. ಹೊರಬಂದ ಮೇಲೆ, "ಕೊನೆಯ ಲೆಕ್ಕ ಬಿಟ್ಟುಹೋಯಿತು" ಎಂದು ಅವನು ನಗುತ್ತಲೇ ಹೇಳಿದ. ಆ ನಗುವನ್ನು ನಾನು ಇಂದಿಗೂ ಮರೆತಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಸ್ಪರ್ಧಿಗಳು ಪರಸ್ಪರ ನೆರವಾಗುವುದನ್ನು ಯಾವ ನಿಯಮವೂ ತಡೆಯಬಾರದು. ಕೊಡುವ ಕೈಗೆ ದಂಡ ಹಾಕುವ ಕ್ರೀಡೆ ಕ್ರೀಡೆಯೇ ಅಲ್ಲ. ಆದರೆ ಇನ್ನೊಬ್ಬರ ಔದಾರ್ಯವನ್ನು ಮೊದಲೇ ತನ್ನ ಲೆಕ್ಕಕ್ಕೆ ಜಮಾ ಮಾಡಿಕೊಂಡು ಬರಿಗೈಯಲ್ಲಿ ಹೊರಡುವವನು, ತನ್ನ ಸೈಕಲ್ಲಿನಿಂದ ಇಳಿಸಿದ ಅರ್ಧ ಕಿಲೋ ಭಾರವನ್ನು ಮತ್ತೊಬ್ಬರ ಸೈಕಲ್ಲಿನ ಮೇಲೆ ಹೊರಿಸುತ್ತಿದ್ದಾನೆ. ಸಂಘಟಕರ ದುರಸ್ತಿಯ ವಾಹನದ ವಿಷಯವೂ ಇಷ್ಟೇ. ಸಿದ್ಧತೆಯಿಲ್ಲದ ಪರಿಣತನೊಬ್ಬನಿಗಾಗಿ ಅದು ನಿಂತಿರುವಾಗ, ಹಿಂದೆ ಎಲ್ಲೋ ಬಿಸಿಲಿನಲ್ಲಿ ಜೀವಮಾನದ ಮೊದಲ ಸ್ಪರ್ಧೆಗೆ ಬಂದ ಸಾಮಾನ್ಯನೊಬ್ಬ ಚಕ್ರ ಹಿಡಿದು ಕಾಯುತ್ತಿರುತ್ತಾನೆ. ಹತ್ತಾರು ಸ್ಪರ್ಧೆಗಳ ಅನುಭವವುಳ್ಳವನಿಂದಲ್ಲವೇ ನಾವು ಹೆಚ್ಚಿನ ಸಿದ್ಧತೆಯನ್ನು ನಿರೀಕ್ಷಿಸಬೇಕು? ದೀರ್ಘ ಸ್ಪರ್ಧೆಯಲ್ಲಿ ವೃತ್ತಿಪರರು ಒಂದು ಬದಲಿ ಟ್ಯೂಬನ್ನೋ ಟೈರನ್ನೋ, ಗಾಳಿ ತುಂಬುವ ಸಾಧನವನ್ನೋ ಒಯ್ಯಲೇಬೇಕೆಂಬ ನಿಯಮ ಬಂದರೆ ಯಾರಿಗೂ ನಷ್ಟವಿಲ್ಲ. ಎಲ್ಲರೂ ಹೊತ್ತ ಮೇಲೆ ಭಾರವೂ ಗಾಳಿಯ ತಡೆಯೂ ಎಲ್ಲರಿಗೂ ಒಂದೇ ಆಗುತ್ತದೆ. ಗೆಳೆಯನ ವಾದದ ಬೇರೇ ಅಲ್ಲಿಗೆ ಕಿತ್ತುಬೀಳುತ್ತದೆ.

ಒಂದು ಅಡ್ಡಿಯಿದೆ; ಅದನ್ನು ಮುಚ್ಚಿಡಲಾರೆ. ಒಳ್ಳೆಯ ಪಂದ್ಯದ ಟೈರೊಂದಕ್ಕೆ ಸಾವಿರಾರು ರೂಪಾಯಿ ಬೀಳುತ್ತದೆ. ನಮ್ಮ ರಾಜ್ಯದ ಉತ್ತಮ ಸೈಕಲ್ ಪಟುಗಳಲ್ಲಿ ಬಹುಮಂದಿ ಬೆಂಗಳೂರಿನವರಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತರ ಮಕ್ಕಳು, ಕೂಲಿಕಾರರ ಮಕ್ಕಳು. ವಿಜಯಪುರದಲ್ಲಿ ಸರ್ಕಾರದ ಸೈಕ್ಲಿಂಗ್ ಕ್ರೀಡಾ ವಸತಿನಿಲಯವಿದೆ. ಆ ಕಡೆಯ ಜಾತ್ರೆಗಳಲ್ಲಿ ಎತ್ತಿನ ಗಾಡಿಯ ಓಟದಂತೆಯೇ ಸೈಕಲ್ ಪಂದ್ಯವೂ ನಡೆಯುತ್ತದೆ; ಬರಿಯ ಕಬ್ಬಿಣದ ಸೈಕಲ್ಲಿನಿಂದ ಆರಂಭಿಸಿ ರಾಷ್ಟ್ರಮಟ್ಟಕ್ಕೆ ಏರಿದವರುಂಟು. ನಾಳೆ ಇವರಲ್ಲೊಬ್ಬ ಈಜು ಕಲಿತು ಟ್ರಯಥ್ಲಾನಿಗೆ ಬಂದಾಗ, ಚಕ್ರಕ್ಕೆ ಹಾಕಿದ ಟೈರಿಗೇ ಸಾಲ ಮಾಡಿದವನಿಗೆ ಇನ್ನೊಂದನ್ನು ತಾ ಎಂದರೆ ನ್ಯಾಯವೇ? ಅಂಥ ನಿಯಮ ಬಡವನನ್ನು ಹೊರಗಿಡುವ ಬೇಲಿಯಾಗಬಾರದು. ನಿಯಮ ಮಾಡುವ ಸಂಘಟಕರೇ ಬದಲಿ ಸಾಮಗ್ರಿಯನ್ನು ಪ್ರವೇಶಶುಲ್ಕದ ಜೊತೆ ಸೇರಿಸಿ ಎಲ್ಲರಿಗೂ ಒಂದೇ ಬಗೆಯದನ್ನು ಕೊಡಲಿ. ಬಳಸದೆ ಉಳಿದದ್ದನ್ನು ಹಿಂದಕ್ಕೆ ಪಡೆಯಲಿ. ಇದೇನು ದೊಡ್ಡ ಕಷ್ಟದ ಏರ್ಪಾಡಲ್ಲ. ಈಜುವವರಿಗೆ ಟೋಪಿ ಹಂಚುವ ಸಂಘಟಕರಿಗೆ ಒಂದು ಟ್ಯೂಬು ಹಂಚುವುದು ಅಸಾಧ್ಯವಾಗದು.

ಬಹುಮಾನವೇ ಇಲ್ಲದ ಕಡೆಯಲ್ಲಿ ಜನ ಇದನ್ನು ಹೇಗೆ ನಿರ್ವಹಿಸುತ್ತಾರೆಂಬುದನ್ನೂ ನೋಡಬೇಕು. ಬೆಂಗಳೂರಿನಿಂದ 'ಬ್ರೆವೆ' ಎಂಬ ದೂರಸವಾರಿಗಳು ಹೊರಡುತ್ತವೆ: 200, 300, 400, 600 ಕಿಲೋಮೀಟರುಗಳವು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 600ಕ್ಕೆ ನಲವತ್ತು ಗಂಟೆ ಅವಧಿ. ಮೊದಲು ಬಂದವನಿಗೆ ಪದಕವಿಲ್ಲ, ಕೊನೆಯವನಿಗೆ ಅವಮಾನವಿಲ್ಲ. ಗೊತ್ತುಪಡಿಸಿದ ತಾಣಗಳ ಹೊರಗೆ ಹಿಂಬಾಲಿಸಿ ಬರುವವರ ನೆರವಿಗೆ ಅವಕಾಶವೂ ಇಲ್ಲ. ಅದರ ಸವಾರರು ಟ್ಯೂಬು, ತೇಪೆ, ಪಂಪು, ದೀಪಗಳನ್ನೆಲ್ಲ ಹೊತ್ತು ರಾತ್ರಿಯಿಡೀ ತುಳಿಯುತ್ತಾರೆ. 1891ರಲ್ಲಿ ತೆರೋಂ ಗೆದ್ದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಇಂದು ಇಂಥದೇ ಸವಾರಿಯಾಗಿ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತಿದ್ದು, ನಮ್ಮ ದೇಶದವರೂ ಅಲ್ಲಿಗೆ ಹೋಗಿಬರುತ್ತಾರೆ. ಹಣಕ್ಕಾಗಿ ಸ್ಪರ್ಧಿಸುವವರು ಹವ್ಯಾಸಿಗಳಿಗಿಂತ ಹಗುರವಾಗಿ ಹೊರಡುವುದು ವಿಚಿತ್ರವಾಗಿ ಕಾಣುವುದಿಲ್ಲವೇ?

2006–07ರಿಂದ ಹಲವು ವರ್ಷಗಳ ಕಾಲ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಕೊಟ್ಟಿತು. ಆಗ ನಾನು ಪಾಠ ಹೇಳುತ್ತಿದ್ದ ಶಾಲೆಯ ಅಂಗಳದಲ್ಲಿ ಅವು ಸಾಲಾಗಿ ನಿಂತಿರುತ್ತಿದ್ದವು. ಒಂದೆರಡು ತಿಂಗಳು ಕಳೆಯುವುದರೊಳಗೆ ಕೆಲವು ಮೂಲೆಗೆ ಒರಗಿದುವು. ಕಾರಣ ಬರಿಯ ಪಂಕ್ಚರು. ಒಂದು ಶನಿವಾರ ಮಧ್ಯಾಹ್ನ ಊರಿನ ಪಂಕ್ಚರ್ ಹಾಕುವವನನ್ನು ಕರೆಸಿ, ಬೋಗುಣಿಯ ನೀರಿನಲ್ಲಿ ಟ್ಯೂಬನ್ನು ಅದುಮಿ ಗುಳ್ಳೆ ಏಳುವ ಜಾಗ ಹುಡುಕುವುದು, ಉಜ್ಜುಕಾಗದದಿಂದ ಉಜ್ಜಿ ಸಲ್ಯೂಷನ್ ಹಚ್ಚಿ ಒಣಗುವವರೆಗೆ ಕಾಯುವುದು, ಅನಂತರ ತೇಪೆ ಒತ್ತುವುದು, ಇಷ್ಟನ್ನು ಕಲಿಸಿದೆವು. ಹುಡುಗಿಯರು ಹುಡುಗರಿಗಿಂತ ಬೇಗ ಕಲಿತರು. ಕಾಯುವ ತಾಳ್ಮೆ ಅವರಲ್ಲಿ ಹೆಚ್ಚು ಇದ್ದುದರಿಂದಲೋ ಏನೋ.

ಮತ್ತೆ ಹುಣಸೆಮರದ ಬುಡಕ್ಕೆ ಬರೋಣ. ಅಂದು ನಾನು ಆ ಹುಡುಗನ ಪಕ್ಕದ ಕಲ್ಲಿನ ಮೇಲೆ ಕುಳಿತು ಕೈಗಡಿಯಾರ ನೋಡುತ್ತಿದ್ದೆ. ಅವನು ಚಕ್ರ ಕಳಚಿ, ಟೈರಿನ ಒಳಮೈಯನ್ನು ಬೆರಳಿನಿಂದ ಸವರಿ, ಸಿಕ್ಕಿಕೊಂಡಿದ್ದ ತಂತಿಯ ತುಣುಕೊಂದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟ. ಹೊಸ ಟ್ಯೂಬು ಕೂರಿಸುವಾಗ ಒಮ್ಮೆ ಅಂಚು ಸಿಕ್ಕಿಬಿತ್ತು. ಬಿಚ್ಚಿ ಮತ್ತೆ ಹಾಕಿದ. ಅಷ್ಟರಲ್ಲಿ ಗೆಳೆಯನ ಬಾಯಿಂದ ವಾದ ನಿಂತು, ಅವನೂ ಮೊಣಕಾಲೂರಿ ನೋಡತೊಡಗಿದ್ದ. "ಎಷ್ಟಾಯಿತು ಸರ್?" ಎಂದು ಹುಡುಗ ಕೇಳಿದ. "ಹನ್ನೊಂದು ನಿಮಿಷ" ಎಂದೆ. "ಹೋದ ವಾರ ಹದಿನಾಲ್ಕಾಗಿತ್ತು" ಎಂದು ಹಳೆಯ ಟ್ಯೂಬನ್ನು ಸುರುಳಿ ಸುತ್ತಿ ಬೆನ್ನಿನ ಜೇಬಿಗೆ ಸೇರಿಸಿ, ಇಬ್ಬರೂ ಕೋಲಾರದ ಕಡೆಗೆ ಹೊರಟುಹೋದರು.